ತುಮಕೂರಿನಲ್ಲಿ ಕೂತು ಕಡಲ ಹುಲ್ಲಿನ ಸಂಶೋಧನಾ ಪೇಪರ್ ಹುಡುಕೋದು ಹೇಗೆ?

ನಮಸ್ಕಾರ. ತುಮಕೂರಿನಲ್ಲಿ ಎಂಎಸ್ಸಿ ಸಸ್ಯಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: "ಸರ್, ಸೆಮಿನಾರ್‌ಗೆ ಸೀಗ್ರಾಸ್ ತಗೊಂಡಿದ್ದೀನಿ. ಪೇಪರ್ ಹೆಸರು ಸಿಗುತ್ತೆ, ಒತ್ತಿದ್ರೆ ದುಡ್ಡು ಕೇಳುತ್ತೆ. ಏನ್ ಮಾಡ್ಲಿ?"

ಒಳ್ಳೇ ವಿಷಯ ಆರಿಸಿದ್ದೀರಿ. ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಸೀಗ್ರಾಸ್ ಅಂದರೆ ಕಡಲ ಹುಲ್ಲು, ಪಾಚಿಯಲ್ಲ. ಬೇರು, ಎಲೆ, ಹೂವು, ಬೀಜ ಎಲ್ಲ ಇರುವ ಗಿಡ. ಕಡಲ ನೀರಿನೊಳಗೇ ಬದುಕುತ್ತದೆ. ತಮಿಳುನಾಡು ಮತ್ತು ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್‌ನಲ್ಲಿ ಇದರ ಹುಲ್ಲುಗಾವಲುಗಳಿವೆ. ಕಡಲಹಸು, ಅಂದರೆ ಡುಗಾಂಗ್, ಮೇಯುವುದು ಇದನ್ನೇ.

[ಪರದೆಯ ಮೇಲೆ: ಗೂಗಲ್ ಸ್ಕಾಲರ್]

ಇದು ಸಂಶೋಧನಾ ಪೇಪರ್ ಹುಡುಕುವ ತಾಣ. ಇಲ್ಲಿ ಸುಮ್ನೆ "ಸೀಗ್ರಾಸ್" ಅಂತ ಹೊಡೆದರೆ ರಾಶಿ ಬಂದು ಬೀಳುತ್ತದೆ. ಜಾತಿಯ ವೈಜ್ಞಾನಿಕ ಹೆಸರು ಹಾಕಿ. ಆದರೆ ಯಾವ ಹೆಸರು? ಈ ವಿಡಿಯೋ ಮಾಡಲು ನನಗೆ ಹುಮ್ಮಸ್ಸು ಬಂದದ್ದೇ ಈ ಪ್ರಶ್ನೆಯಿಂದ.

ಪಾಕ್ ಕೊಲ್ಲಿಯಲ್ಲಿ ಚೆನ್ನಾಗಿ ಬೆಳೆಯುವ ಒಂದು ಹುಲ್ಲು ತಗೊಳ್ಳಿ. 1810ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅದನ್ನು ಕೌಲೀನಿಯಾ ಸೆರುಲಾಟಾ ಎಂದು ಕರೆದರು. ಆಮೇಲೆ ಅದು ಸೈಮೋಡೋಸಿಯಾ ಸೆರುಲಾಟಾ ಆಯಿತು. ಬಹಳ ಕಾಲ ಅದೇ ಹೆಸರು ನಡೆಯಿತು. 2018ರಲ್ಲಿ ಓಷಿಯಾನಾ ಸೆರುಲಾಟಾ ಆಯಿತು. ಗಿಡ ಅದೇ, ಬುಡ ಅದೇ. ನಮ್ಮ ಊರನ್ನೇ ನೋಡಿ. ಇಂಗ್ಲಿಷ್‌ನಲ್ಲಿ "ಟುಮ್ಕೂರ್" ಎಂದು ಬರೆಯುತ್ತಿದ್ದುದು 2014ರ ನವೆಂಬರ್ 1ರಿಂದ "ತುಮಕೂರು" ಆಯಿತು. ಹೊಸ ಸ್ಪೆಲ್ಲಿಂಗ್ ಹಿಡಿದು ಹಳೇ ಗೆಜೆಟಿಯರ್‌ನಲ್ಲಿ ಹುಡುಕಿದರೆ ಊರೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಇಲ್ಲೂ ಹಾಗೇ. ಹೊಸ ಹೆಸರೊಂದನ್ನೇ ಹಾಕಿದರೆ 2018ಕ್ಕಿಂತ ಮುಂಚಿನ ಕೆಲಸವೆಲ್ಲ ಕೈತಪ್ಪುತ್ತದೆ. ತಮಿಳುನಾಡಿನ ಕರಾವಳಿಯಲ್ಲಿ ನೀರಿಗಿಳಿದು ವರ್ಷಗಟ್ಟಲೆ ಸರ್ವೆ ಮಾಡಿದವರ ಶ್ರಮ ಒಂದು ಹೆಸರಿನ ದೆಸೆಯಿಂದ ಕಾಣದೇ ಹೋದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾಗಿ ಮೊದಲು ವೋರ್ಮ್ಸ್‌ಗೆ ಹೋಗಿ, ಅಂದರೆ ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಷೀಸ್. ಹಳೇ ಹೆಸರುಗಳೆಲ್ಲ ಅಲ್ಲಿ ಒಂದೇ ಕಡೆ ಸಿಗುತ್ತವೆ. ಎಲ್ಲವನ್ನೂ ಬರೆದುಕೊಂಡು, ಒಂದೊಂದಾಗಿ ಸ್ಕಾಲರ್‌ನಲ್ಲಿ ಹಾಕಿ.

ಈಗ ದುಡ್ಡಿನ ಮಾತು. ಸಮಯ ಕಡಿಮೆಯಿದೆ, ಬೇಗ ಹೇಳುತ್ತೇನೆ. ಸ್ಕಾಲರ್‌ನಲ್ಲಿ ಬಲಗಡೆ ಪಿಡಿಎಫ್ ಲಿಂಕ್ ಇದೆಯಾ ನೋಡಿ. ಬ್ರೌಸರ್‌ಗೆ ಅನ್‌ಪೇವಾಲ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ಕಾನೂನುಬದ್ಧವಾದ ಉಚಿತ ಪ್ರತಿ ಇದ್ದರೆ ತೋರಿಸುತ್ತದೆ. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಇ-ಪ್ರಿಂಟ್ಸ್ ಜಾಲತಾಣದಲ್ಲಿ ಹಳೇ ವರದಿಗಳಿವೆ. ಪಿಎಚ್‌ಡಿ ಪ್ರಬಂಧ ಬೇಕಾದರೆ ಶೋಧಗಂಗಾ ಜಾಲತಾಣ ನೋಡಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿದ್ದರೆ ಲೈಬ್ರರಿಯಲ್ಲಿ "ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್" ಬಗ್ಗೆ ಕೇಳಿ. ಕೇಂದ್ರ ಸರ್ಕಾರವೇ ಜರ್ನಲ್‌ಗಳ ಚಂದಾ ಕಟ್ಟುವ, 2025ರಲ್ಲಿ ಶುರುವಾದ ಯೋಜನೆ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ. ಯಾವುದೂ ಆಗಲಿಲ್ಲವಾ? ಲೇಖಕರಿಗೇ ಮೇಲ್ ಮಾಡಿ. ಸಂಕೋಚ ಬೇಡ. ತಮ್ಮ ಕೆಲಸವನ್ನು ಒಬ್ಬರು ಓದುತ್ತಾರೆ ಅಂದರೆ ಯಾರಿಗೆ ಖುಷಿಯಾಗಲ್ಲ?

ಕೊನೆಗೆ, ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಪೇಪರ್ ಹಾಕುವಾಗ ಬರೀ ಫೈಲ್ ಬೇಡ. ಡಿಒಐ, ಅಂದರೆ ಆ ಪೇಪರ್‌ನ ಶಾಶ್ವತ ಗುರುತಿನ ಸಂಖ್ಯೆ ಹಾಕಿ, ಏನನ್ನು ಅಳೆದರು ಅಂತ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಯಾಕೆ ಅಂತೀರಾ? "ಜಗತ್ತಿನ 29% ಕಡಲ ಹುಲ್ಲು ನಾಶ" ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅದು 2009ರ ಒಂದು ಪೇಪರ್‌ನಿಂದ ಬಂದದ್ದು, 215 ಅಧ್ಯಯನಗಳನ್ನು ಒಟ್ಟುಗೂಡಿಸಿ ಬರೆದದ್ದು. ಅಲ್ಲಿ ಹೇಳಿರುವುದು 1879ರಿಂದೀಚೆಗೆ ದಾಖಲಾದ ಪ್ರದೇಶದ ಲೆಕ್ಕ. ಯಾರೂ ಅಳೆಯದ ಹುಲ್ಲುಗಾವಲು ಆ ಲೆಕ್ಕದಲ್ಲಿಲ್ಲ. ನಿಮ್ಮ ಸ್ಲೈಡ್‌ನಲ್ಲಿ "ದಾಖಲಾದ" ಎಂಬ ಪದ ಇರಲೇಬೇಕು.

ಸೆಮಿನಾರ್ ಆದಮೇಲೆ ನೀವು ಓದಿದ ಪೇಪರ್‌ಗಳ ಪಟ್ಟಿ ಕಳಿಸಿ. ಇದೇ ವಿಡಿಯೋದ ಕೆಳಗೆ ಹಾಕುತ್ತೇನೆ.