ಅರ್ಧ ಆಯ್ತಾ?

ಕೇಳುಗರಿಗೆಲ್ಲಾ ನಮಸ್ಕಾರ. ಒಂದು ಸಣ್ಣ ಅವಮಾನದಿಂದ ಶುರು ಮಾಡ್ತೀನಿ, ನಂದೇ ಅವಮಾನ. ನನ್ನ ವೆಬ್‌ಸೈಟಿಗೆ ಒಂದು ಉದ್ದದ ಲೇಖನ ಬರೆದೆ, ಮುಗಿಯೋ ಹೊತ್ತಿಗೆ ರಾತ್ರಿ ಹನ್ನೊಂದೂವರೆ, ಮೇಲಿಂದ ಕೆಳಗೆ ಒಂದ್ಸಲ ಕಣ್ಣಾಡಿಸಿ ಪಬ್ಲಿಷ್ ಒತ್ತಿ ಮಲ್ಕೊಂಡುಬಿಟ್ಟೆ. ಬೆಳಿಗ್ಗೆ ಸ್ನೇಹಿತನ ಮೆಸೇಜು, "ಪೂರ್ತಿ ಓದಿದೆ ಕಣೋ, ನೀನು ಹೇಳಿದ ಹಾಗೇ ಅರ್ಧ ಆಯ್ತು" ಅಂತ. ತೆಗೆದು ನೋಡಿದ್ರೆ ಕೊನೇ ಪ್ಯಾರಾದಲ್ಲಿ "ಇಷ್ಟು ಹೇಳಿದ ಮೇಲೆ ನಿಮಗೆ ಅರ್ಧ ಆಗಿರಬಹುದು" ಅಂತ ಇದೆ. ಅರ್ಥ ಅನ್ನೋ ಕಡೆ ಅರ್ಧ. ಅಕ್ಷರದ ಹೊಟ್ಟೆಯೊಳಗೆ ಒಂದು ಚುಕ್ಕಿ ಇಲ್ಲ, ಅಷ್ಟೇ ವ್ಯತ್ಯಾಸ. ಸ್ಪೆಲ್‌ಚೆಕ್ ಯಾಕೆ ಹಿಡೀಲಿಲ್ಲ ಅಂದ್ರೆ ಅದರ ಲೆಕ್ಕದಲ್ಲಿ ಎರಡೂ ಸರಿಯಾದ ಪದಗಳೇ, ಪಾಪ ಅದಕ್ಕೇನು ಗೊತ್ತು ನಾನು ಏನು ಹೇಳೋಕೆ ಹೊರಟಿದ್ದೆ ಅಂತ.

ನಾನೂ ಅದನ್ನ ನೋಡಿದ್ದೆ, ಆದ್ರೆ ಕಾಣಿಸಿರಲಿಲ್ಲ. ಬರೆದವರ ಕಣ್ಣು ಓದೋದಿಲ್ಲ, ನೆನಪಿಸ್ಕೊಳ್ಳತ್ತೆ. ಮುಂದಿನ ಪದ ಏನು ಅಂತ ತಲೆಗೆ ಮೊದಲೇ ಗೊತ್ತಿರೋದ್ರಿಂದ ಸ್ಕ್ರೀನ್ ಮೇಲೆ ಏನಿದ್ರೂ ಅದು ತನಗೆ ಬೇಕಾದ್ದನ್ನೇ ಓದ್ಕೊಂಡು ಮುಂದೆ ಹೋಗತ್ತೆ. ಅದಕ್ಕೇ ಬರಹ ನಮಗೆ ಸ್ವಲ್ಪ ಅಪರಿಚಿತ ಆಗ್ಬೇಕು. ಒಂದು ರಾತ್ರಿ ಬಿಡಿ, ಫಾಂಟ್ ಬದಲಾಯಿಸಿ, ಕಂಪ್ಯೂಟರಲ್ಲಿ ಬರೆದಿದ್ದನ್ನ ಮೊಬೈಲಲ್ಲಿ ಓದಿ. ಇದೆಲ್ಲಾ ಕೆಲಸಕ್ಕೆ ಬರತ್ತೆ, ಆದ್ರೆ ನನ್ನ ಕೇಳಿದ್ರೆ ಎಲ್ಲಕ್ಕಿಂತ ಗಟ್ಟಿ ಉಪಾಯ ಗಟ್ಟಿಯಾಗಿ ಓದೋದು. ಕಣ್ಣಿಗೆ ಮೋಸ ಮಾಡೋದು ಸುಲಭ, ಕಿವಿಗೆ ಅಷ್ಟು ಸುಲಭ ಅಲ್ಲ.

ಅದರಲ್ಲೂ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದೀಲಿ ಬರತ್ತಲ್ಲ, ವಾಕ್ಯ ಉದ್ದ ಆದಷ್ಟೂ ತಲೆ ಒಂದು ಕಡೆ ಬಾಲ ಒಂದು ಕಡೆ. ಕೇಳಿ ಇದನ್ನ: "ಈ ಫಾರಂ ತುಂಬಿದವರು ಫೋಟೋ ಅಪ್‌ಲೋಡ್ ಮಾಡಿ, ಇಮೇಲ್ ದೃಢಪಡಿಸಿದ ನಂತರ ನಿಮ್ಮ ಖಾತೆ ತೆರೆಯಲಾಗುತ್ತದೆ." ಆ ತುಂಬಿದವರು ಎಲ್ಲಿಗೆ ಹೋದ್ರು? ಕಣ್ಣಲ್ಲಿ ಓದಿದ್ರೆ ಹಾಗೇ ಜಾರ್ಕೊಂಡು ಹೋಗತ್ತೆ, ಬಾಯಲ್ಲಿ ಹೇಳಿದ್ರೆ ನಾಲಿಗೆ ತಾನಾಗೇ ಎಡವತ್ತೆ. ಎಡವಿದ ಕಡೆ ಎರಡು ವಾಕ್ಯ ಮಾಡಿ.

ಇನ್ನೊಂದು, ಕಾಗುಣಿತ ತಿದ್ದೋದನ್ನ ಮೊದಲು ಹಿಡ್ಕೋಬೇಡಿ. ಹೇಗಿದ್ರೂ ಕಿತ್ತು ಹಾಕೋ ಪ್ಯಾರಾಗೆ ಕಾಮಾ ಫುಲ್‌ಸ್ಟಾಪ್ ಹಾಕ್ತಾ ಕೂತ್ರೆ ಏನ್ ಬಂತು? ನನ್ನ ಬರಹದಲ್ಲಂತೂ ಮೊದಲನೇ ಪ್ಯಾರಾ ಬರೀ ಗಂಟಲು ಸರಿಮಾಡ್ಕೊಳ್ಳೋದು, ಹತ್ತರಲ್ಲಿ ಎಂಟು ಸಲ ಅದನ್ನ ಅಳಿಸಿದ್ರೆ ಏನೂ ನಷ್ಟ ಇಲ್ಲ.

ತಿದ್ದುವಾಗ ಹುಟ್ಟೋ ತಪ್ಪುಗಳು ಬೇರೆ ಇವೆ. ಒಂದ್ಸಲ ಕರ ಅನ್ನೋ ಪದ ಯಾಕೋ ಹಳೇ ಕಾಲದ್ದು ಅನ್ನಿಸಿ, ಇಡೀ ಲೇಖನದಲ್ಲಿ ಅದನ್ನ ತೆರಿಗೆ ಅಂತ ಮಾಡೋಣ ಅಂತ ಫೈಂಡ್ ಅಂಡ್ ರಿಪ್ಲೇಸ್ ಕೊಟ್ಟೆ. ಉಪಕರಣ ಹೋಗಿ ಉಪತೆರಿಗೆಣ ಆಯ್ತು, ಪ್ರಕರಣ ಪ್ರತೆರಿಗೆಣ ಆಯ್ತು. ರಿಪ್ಲೇಸ್ ಆಲ್ ಅನ್ನೋ ಬಟನ್ ಕಂಡ್ರೆ ಈಗ ಕೈ ನಡುಗತ್ತೆ.

ವೆಬ್‌ಸೈಟಲ್ಲಿ ಯಾವಾಗ ಬೇಕಾದ್ರೂ ತಿದ್ದಬಹುದಲ್ಲ ಅಂತೀರಿ. ತಿದ್ದಬಹುದು, ಆದ್ರೆ ಎಲ್ಲಾನೂ ಅಲ್ಲ. ಶೀರ್ಷಿಕೆಯಲ್ಲಿ ತಪ್ಪಿದ್ದಾಗಲೇ ಯಾರೋ ಲಿಂಕ್ ಶೇರ್ ಮಾಡಿದ್ರೆ, ಅವರ ಚಾಟ್‌ನಲ್ಲಿ ಹೋದ ಪ್ರಿವ್ಯೂ ಆ ತಪ್ಪಿನ ಜೊತೆಗೇ ಇರತ್ತೆ. ಲಿಂಕಿನ ವಿಳಾಸದಲ್ಲೇ ತಪ್ಪಿದ್ರೆ ಇನ್ನೂ ಕಷ್ಟ, ಸರಿ ಮಾಡಿದ್ರೆ ಹಳೇ ಲಿಂಕ್ ಒತ್ತಿದವರಿಗೆ 404, ಅಂದ್ರೆ ಪುಟ ಸಿಗಲಿಲ್ಲ ಅನ್ನೋ ಸಂದೇಶ ಬರತ್ತೆ, ಹಳೇದರಿಂದ ಹೊಸದಕ್ಕೆ ತಾನಾಗೇ ಕಳಿಸೋ ರೀಡೈರೆಕ್ಟ್ ಹಾಕ್ಬೇಕು. ಹಾಗಾಗಿ ಶೀರ್ಷಿಕೆ, ಲಿಂಕ್, ಬಟನ್ ಮೇಲಿನ ಬರಹ, ಚಿತ್ರದ ವಿವರಣೆ ಇವನ್ನೇ ಮೊದಲು ನೋಡಿ, ನಾವು ಮರೆಯೋದೂ ಇವನ್ನೇ.

ತಪ್ಪು ಹೇಗೆ ಕಾಯಂ ಆಗತ್ತೆ ಅನ್ನೋದಕ್ಕೆ ವೆಬ್ಬೇ ದೊಡ್ಡ ಸಾಕ್ಷಿ. ನೀವು ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ, ಎಲ್ಲಿಂದ ಬಂದ್ರಿ ಅಂತ ಬ್ರೌಸರ್ ಸಾಮಾನ್ಯವಾಗಿ ತಿಳಿಸತ್ತೆ, ಆ ಮಾಹಿತಿಯ ಹೆಸರು ರೆಫರರ್. ಇಂಗ್ಲಿಷಲ್ಲಿ ಅದರ ನಡುವೆ ಎರಡು ಆರ್ ಇರಬೇಕು. ಬ್ರೌಸರ್ ಮತ್ತು ವೆಬ್‌ಸೈಟ್ ಮಾತಾಡ್ಕೊಳ್ಳೋ ರೀತಿಗೆ ಎಚ್‌ಟಿಟಿಪಿ ಅಂತಾರೆ, ಅದರ 1996ರ ನಿಯಮದ ದಾಖಲೆಯಲ್ಲಿ ಒಂದು ಆರ್ ಬಿಟ್ಟುಹೋಗಿದೆ, ಇವತ್ತಿಗೂ ಬ್ರೌಸರ್‌ಗಳು ಆ ತಪ್ಪು ಸ್ಪೆಲಿಂಗನ್ನೇ ಕಳಿಸ್ತವೆ, ಯಾಕಂದ್ರೆ ಈಗ ಸರಿ ಮಾಡಿದ್ರೆ ಎಷ್ಟೋ ಸಾಫ್ಟ್‌ವೇರ್ ಕೆಡತ್ತೆ. ಈ ಮಾಹಿತಿ ಎಷ್ಟು ಕಳಿಸ್ಬೇಕು ಅಂತ ಹೇಳೋಕೆ ಆಮೇಲೆ ಬಂದ ರೆಫರರ್ ಪಾಲಿಸಿಯಲ್ಲಿ ಮಾತ್ರ ಸ್ಪೆಲಿಂಗ್ ಸರಿ ಇದೆ, ಹೀಗಾಗಿ ಎರಡೂ ಒಟ್ಟಿಗೇ ಸಂಸಾರ ಮಾಡ್ತಿವೆ.

ನಮ್ಮ ಕನ್ನಡಕ್ಕೂ ಈ ಭಾಗ್ಯ ಇದೆ. ಹಳಗನ್ನಡದ ೞ ಅಕ್ಷರಕ್ಕೆ ಯುನಿಕೋಡ್‌ನಲ್ಲಿ, ಅಂದ್ರೆ ಕಂಪ್ಯೂಟರಿಗಾಗಿ ಎಲ್ಲಾ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ, ಹೆಸರು ಕೊಡೋ ಪಟ್ಟಿಯಲ್ಲಿ, ಕೊಟ್ಟಿರೋ ಅಧಿಕೃತ ಹೆಸರು ಏನು ಗೊತ್ತಾ? "ಕನ್ನಡ ಲೆಟರ್ ಫ." ಳಕಾರದ ಜಾತಿಯ ಅಕ್ಷರಕ್ಕೂ ಫಕಾರಕ್ಕೂ ಏನು ನೆಂಟಸ್ತನವೋ! ಒಮ್ಮೆ ಕೊಟ್ಟ ಹೆಸರು ಬದಲಾಯಿಸಬಾರದು ಅನ್ನೋದು ಯುನಿಕೋಡ್ ನಿಯಮ, ಅದಕ್ಕೇ ಪಕ್ಕದಲ್ಲಿ ಸರಿಯಾದ ಹೆಸರನ್ನ ತಿದ್ದುಪಡಿ ಅಂತ ಬರೆದಿಟ್ಟು ಮೂಲವನ್ನ ಹಾಗೇ ಬಿಟ್ಟಿದಾರೆ.

ಅಂದ ಹಾಗೆ ಈ ಸ್ಕ್ರಿಪ್ಟನ್ನ ಮೂರು ಸಲ ಗಟ್ಟಿಯಾಗಿ ಓದ್ಕೊಂಡೇ ಬಂದೆ. ಆದ್ರೂ ಇಲ್ಲಿ ಮೈಕ್ ಮುಂದೆ ಕೂತಾಗ ಮೊದಲನೇ ಸಾಲಲ್ಲಿ "ಓದುಗರಿಗೆಲ್ಲಾ ನಮಸ್ಕಾರ" ಅಂತ ಕಾಣಿಸ್ತು. ಪೆನ್ನಲ್ಲಿ ಹೊಡೆದು ಕೇಳುಗರು ಅಂತ ಮಾಡ್ಕೊಂಡೆ. ಬರ್ತೀನಿ, ನಮಸ್ಕಾರ.