ಸೋಮವಾರದ ಒಪ್ಪಿಗೆ, ಗುರುವಾರದ ಬೇಡ

ಕೇಳುಗರಿಗೆ ನಮಸ್ಕಾರ.

ಮರೆವಿನ ಕಾಯಿಲೆ ಇರುವ ಒಬ್ಬರು ಮೆದುಳಿನ ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಸೇರಿದರು ಅಂದುಕೊಳ್ಳಿ. ಸೋಮವಾರ ವೈದ್ಯರು ಎಲ್ಲ ವಿವರಿಸಿದರು. ಇವರು ಅರ್ಥ ಮಾಡಿಕೊಂಡು ರುಜು ಹಾಕಿದರು. ಗುರುವಾರ ಶಸ್ತ್ರಚಿಕಿತ್ಸೆಗೆ ಅಂತ ತಲೆಗೂದಲು ತೆಗೆಯಲು ಬಂದವರನ್ನು ನೋಡಿ, "ಇದೆಲ್ಲ ಯಾಕೆ? ನನಗೆ ಬೇಡ" ಅನ್ನುತ್ತಾರೆ. ಈಗ ಯಾವ ಮಾತನ್ನು ನಡೆಸಿಕೊಡಬೇಕು?

ಇದು ಸುಮ್ನೆ ಹುಟ್ಟಿಸಿದ ಪ್ರಶ್ನೆಯಲ್ಲ. ಕೆನಡಾದ ಟೊರಾಂಟೊದಲ್ಲಿ ಮೆದುಳಿನ ಶಸ್ತ್ರಚಿಕಿತ್ಸಕ ಆಂಡ್ರೆಸ್ ಲೊಜಾನೊ ಅವರ ತಂಡ ಬೊಜ್ಜಿನಿಂದ ಬಳಲುತ್ತಿದ್ದ ಒಬ್ಬರ ಮೆದುಳಿಗೆ ತಂತಿ ಇಳಿಸಿ ವಿದ್ಯುತ್ ಹರಿಸಿತ್ತು. ಹಸಿವು ತಗ್ಗಲಿ ಅಂತ. ಆದರೆ ಅವರಿಗೆ ಹಳೆಯ ನೆನಪು ಕಣ್ಣಿಗೆ ಕಟ್ಟಿದಂತೆ ಬಂತು! ಇದನ್ನು 2008ರಲ್ಲಿ ವರದಿ ಮಾಡಿದರು. 2010ರಲ್ಲಿ ಆಲ್ಝೈಮರ್ ಅನ್ನುವ ಮರೆವಿನ ಕಾಯಿಲೆ ಇದ್ದ 6 ಜನರ ಮೇಲಿನ ಪ್ರಯೋಗದ ವರದಿ ಬಂತು. ಮುಂದೆ 42 ಜನರ ಸರದಿ. ಎಲ್ಲರ ತಲೆಬುರುಡೆಗೂ ರಂಧ್ರ ಕೊರೆದು ತಂತಿ ಇಳಿಸಿದರು. ಮೊದಲ ಒಂದು ವರ್ಷ ಅರ್ಧ ಜನರಿಗೆ ಮಾತ್ರ ವಿದ್ಯುತ್ ಹರಿಯಿತು. ಯಾರಿಗೆ ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಕೊನೆಗೆ ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಅರ್ಧ ಜನರಿಗೆ ವಿದ್ಯುತ್ ಹರಿಸದೆ ಇದ್ದದ್ದನ್ನು ಮೋಸ ಅಂತ ನಾನು ಕರೆಯುವುದಿಲ್ಲ. ಹೋಲಿಸಿ ನೋಡದೆ ಚಿಕಿತ್ಸೆ ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಹೇಗೆ? ಆದರೆ ರಕ್ತಸ್ರಾವ, ಸೋಂಕಿನ ಅಪಾಯ ಎಲ್ಲರಿಗೂ ಇತ್ತು. ಮನೆಯವರ ಕಿವಿಗೆ ಮಾತ್ರ "ಪ್ರಯೋಗ" ಅನ್ನುವ ಪದ "ಔಷಧ" ಅಂತಲೇ ಕೇಳಿಸುತ್ತದೆ. ಬೇರೆ ದಾರಿಯೇ ಇಲ್ಲದಾಗ ಹಾಗೆ ಕೇಳಿಸುವುದು ಸಹಜ ಅಲ್ವಾ?

ಮನುಷ್ಯರ ಮೇಲಿನ ವೈದ್ಯಕೀಯ ಪ್ರಯೋಗ ಹೇಗಿರಬೇಕು ಅಂತ ಹೇಳುವ ಹೆಲ್ಸಿಂಕಿ ಘೋಷಣೆ ಅಂತ ಒಂದಿದೆ. ಜಾಗತಿಕ ವೈದ್ಯಕೀಯ ಸಂಘ 1964ರಲ್ಲಿ ಒಪ್ಪಿದ್ದು, ಆಮೇಲೆ ಹಲವು ಸಲ ತಿದ್ದಿದ್ದು. ತಾವೇ ತೀರ್ಮಾನ ಮಾಡಲಾಗದವರ ಪರವಾಗಿ ಬೇರೆಯವರು ರುಜು ಹಾಕಿದರೂ, ಆ ವ್ಯಕ್ತಿ ಬೇಡ ಅಂದರೆ ಅದನ್ನು ಗೌರವಿಸಬೇಕು ಅನ್ನುತ್ತದೆ ಅದು. ನನ್ನ ಪ್ರಕಾರ ಗುರುವಾರದ "ಬೇಡ"ಕ್ಕೂ ಅದೇ ಮರ್ಯಾದೆ ಸಲ್ಲಬೇಕು. ಅದು ಬರೀ ಗಾಬರಿಯ ಮಾತೂ ಆಗಿರಬಹುದು, ನಿಜ. ಹಾಗಿದ್ದರೆ ಆ ದಿನ ಕೆಲಸ ನಿಲ್ಲಿಸಿ. ಅವರು ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ, ಪ್ರಯೋಗದ ತಂಡಕ್ಕೆ ಸೇರದ ವೈದ್ಯರೊಬ್ಬರು ಮತ್ತೆ ಕೇಳಲಿ. ಆಗಲೂ ಬೇಡ ಅಂದರೆ, ಬೇಡ.

ಮನೆಯವರಿಗೆ ಒಂದು ಮಾತು. ಈ ತಂತಿಗೆ ಬ್ಯಾಟರಿ ಬೇಕು, ಅದನ್ನು ಎದೆಯ ಚರ್ಮದ ಕೆಳಗೆ ಇಡುತ್ತಾರೆ. ಪ್ರಯೋಗ ಮುಗಿದ ಮೇಲೆ ಬ್ಯಾಟರಿ ಬದಲಿಸುವವರು ಯಾರು, ದುಡ್ಡು ಯಾರದು, ತೆಗೆಸಬೇಕು ಅಂದರೆ ಯಾರ ಹತ್ತಿರ ಹೋಗಬೇಕು? ರುಜು ಹಾಕುವ ಮುಂಚೆಯೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ನಮಸ್ಕಾರ.