ಮೆಟಲ್ ಗಾಯಕರ ಗಂಟಲು ಕೆಡುವುದು ಕಿವಿಯಿಂದ

ಎಲ್ಲರಿಗೂ ನಮಸ್ಕಾರ. ಸ್ಕ್ರೀನಿನಲ್ಲಿ ಕಾಣ್ತಾ ಇರುವುದು ಒಂದು ಜಾಮ್ ರೂಮ್, ಅಂದರೆ ಬ್ಯಾಂಡಿನವರು ಅಭ್ಯಾಸ ಮಾಡುವ ಕೋಣೆ. 10 ಅಡಿಗೆ 12 ಅಡಿ. ಮಂಗಳೂರಿನಲ್ಲಿ ಮನೆ ಮಹಡಿಯ ಮೇಲೆ, ಕಾರ್ ಶೆಡ್ಡಿನಲ್ಲಿ ಹುಡುಗರು ಮಾಡಿಕೊಂಡದ್ದು ಹೆಚ್ಚುಕಡಿಮೆ ಹೀಗೇ ಇರ್ತದೆ. ಮೂಲೆಯಲ್ಲಿ ಡ್ರಮ್ಸ್, ಎರಡು ಗಿಟಾರ್ ಆಂಪ್, ಒಂದು ಬೇಸ್ ಆಂಪ್. ಹಾಡುವವರಿಗೆ ಅಂತ ಒಂದು ಸಣ್ಣ ಸ್ಪೀಕರ್, ಅದೂ ನೆಲದ ಮೇಲೆ. ಅದರ ಸೌಂಡ್ ಹೋಗುವುದು ಮೊಣಕಾಲಿಗೆ. ಹೆವಿ ಮೆಟಲ್ ಹಾಡುವವರ ಗಂಟಲು ಕೆಡ್ಲಿಕ್ಕೆ ಶುರುವಾಗುವುದು ಇಲ್ಲಿಂದ. ಗ್ರೌಲ್, ಅಂದರೆ ಮೆಟಲ್‌ನಲ್ಲಿ ದಪ್ಪ ಸ್ವರದಲ್ಲಿ ಗುರುಗುಟ್ಟಿ ಹಾಡುವುದು, ಅದನ್ನು ಮಾಡಿದ್ದರಿಂದ ಗಂಟಲು ಹೋಯ್ತು ಅಂತ ಎಲ್ಲರೂ ಹೇಳ್ತಾರೆ. ಹೆಚ್ಚಿನ ಸಲ ಹೋಗಿರುವುದು ತನ್ನ ಸ್ವರ ತನಗೇ ಕೇಳದೆ ಕಿರುಚಿದ್ದರಿಂದ.

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಪಕ್ಕ ನಿಂತು ಫೋನಿನಲ್ಲಿ ಮಾತಾಡಿ ನೋಡಿ. ಗೊತ್ತಿಲ್ಲದೆ ಸ್ವರ ಏರಿರ್ತದೆ. 1911ರಲ್ಲಿ ಫ್ರಾನ್ಸಿನ ಎತ್ಯೆನ್ ಲೊಂಬಾರ್ ಅನ್ನುವ ಕಿವಿ-ಗಂಟಲಿನ ವೈದ್ಯರು ಇದನ್ನು ಬರೆದಿಟ್ಟರು. ಲೊಂಬಾರ್ಡ್ ಪರಿಣಾಮ ಅಂತ ಹೆಸರು ಬಂದದ್ದು ಅವರಿಂದ. "ನಾನು ಜೋರು ಮಾಡುವುದಿಲ್ಲ" ಅಂತ ನಿರ್ಧಾರ ಮಾಡಿ ಇದನ್ನು ತಡೆಯುವುದು ಬಹಳ ಕಷ್ಟ. ರೂಮಿನ ಸೌಂಡನ್ನೇ ಸರಿಮಾಡಬೇಕು.

ಮೊದಲು ಆ ಸ್ಪೀಕರನ್ನು ನೆಲದಿಂದ ಎತ್ತಿ ಸ್ಟ್ಯಾಂಡಿಗೆ ಹಾಕಿ, ಕಿವಿಯ ಎತ್ತರಕ್ಕೆ. ನಿಮ್ಮ ಮೈಕ್ ಶ್ಯೂರ್ ಎಸ್ಎಂ 58 ಆದರೆ ಸ್ಪೀಕರ್ ಅದರ ಸೀದಾ ಬೆನ್ನಿಗೆ ಬರಬೇಕು, ಆ ಮೈಕ್ ಅತಿ ಕಡಿಮೆ ಕೇಳಿಸಿಕೊಳ್ಳುವುದು ಅಲ್ಲಿಂದ. ಬೀಟಾ 58 ಮೈಕ್ ಆದರೆ ಬೆನ್ನಿನ ಎರಡು ಓರೆಗಳಲ್ಲಿ ಒಂದಕ್ಕೆ ಇಡಬೇಕು, ಅದರ ಕಿವುಡು ಜಾಗ ಅಲ್ಲಿ. ಗಿಟಾರ್ ಆಂಪನ್ನು ಹಿಂದಕ್ಕೆ ವಾಲಿಸಿ, ಗಿಟಾರಿಸ್ಟನ ಮುಖಕ್ಕೇ ಸೌಂಡ್ ಬರುವ ಹಾಗೆ. ಆಗ ಅವನೇ ವಾಲ್ಯೂಮ್ ಇಳಿಸ್ತಾನೆ, ನೀವು ಜಗಳ ಮಾಡುವುದು ಬೇಡ. ಕ್ರ್ಯಾಶ್ ಸಿಂಬಲ್ಲಿನ (ಡ್ರಮ್ಸಿನ ದೊಡ್ಡ ಲೋಹದ ತಟ್ಟೆ) ಎದುರು ಮೈಕ್ ಹಿಡಿದು ನಿಲ್ಲಬೇಡಿ. ಸ್ವರಕ್ಕಿಂತ ಮೊದಲು ಸಿಂಬಲ್ ಮೈಕಿಗೆ ಹೋಗ್ತದೆ. ಡ್ರಮ್ಸಿಗೆ ಸರಿಯಾಗಿ ಮೊದಲು ಸ್ವರದ ಲೆವೆಲ್ ಇಟ್ಟು, ಆಮೇಲೆ ಗಿಟಾರ್ ಏರಿಸಿ. ಎಲ್ಲ ಬ್ಯಾಂಡುಗಳೂ ಮಾಡುವುದು ಇದರ ಉಲ್ಟಾ.

ಮತ್ತೆ ಇಯರ್‌ಪ್ಲಗ್. ಕೆಲಸದ ಜಾಗದ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕದಲ್ಲಿ ಕಿವಿಗೆ ಮಿತಿ 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ, 100 ಡೆಸಿಬೆಲ್ಲಿಗೆ ಬರೇ 15 ನಿಮಿಷ. ಮುಚ್ಚಿದ ರೂಮಿನಲ್ಲಿ ಮೆಟಲ್ ಡ್ರಮ್ಸ್ 100 ದಾಟುವುದು ಸುಲಭ. ಪ್ಲಗ್ ಹಾಕಿದರೆ ಇನ್ನೊಂದು ಲಾಭ ಉಂಟು: ಕಿವಿ ಮುಚ್ಚಿದಾಗ ನಿಮ್ಮ ಸ್ವರ ತಲೆಯ ಎಲುಬಿನೊಳಗಿಂದ ನಿಮಗೆ ದಪ್ಪಕ್ಕೆ ಕೇಳ್ತದೆ. ಸ್ವರವನ್ನು ಜೋರಾಗಿ ತಳ್ಳುವುದು ತಾನಾಗಿ ಕಡಿಮೆ ಆಗ್ತದೆ.

ಈಗ ಗ್ರೌಲ್. ಧ್ವನಿಪೆಟ್ಟಿಗೆಯಲ್ಲಿ ನಾವು ಮಾತಾಡುವ ಧ್ವನಿತಂತು ಕೆಳಗೆ, ಅದರ ಸ್ವಲ್ಪ ಮೇಲೆ ಇನ್ನೊಂದು ಜೋಡಿ ಮಡಿಕೆ. ಫಾಲ್ಸ್ ಕಾರ್ಡ್ ಅಂತಾರೆ. ಮಾತಿನಲ್ಲಿ ಅದಕ್ಕೆ ಕೆಲಸ ಇಲ್ಲ. ಕೆಮ್ಮುವಾಗ, ಭಾರ ಎತ್ತುವಾಗ ಹತ್ತಿರ ಬರ್ತದೆ. ಆ ದಪ್ಪ ಗ್ರೌಲ್ ಬರುವುದು ಈ ಮಡಿಕೆಗಳು ಅದುರಿದಾಗ. ಫ್ರೈ ಸ್ಕ್ರೀಮ್ ಬೇರೆ ವಿದ್ಯೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಕರಕರ ಸ್ವರವನ್ನು ಗಾಳಿ ಕೊಟ್ಟು ಬೆಳೆಸಿದ್ದು. ಎರಡನ್ನೂ ಒಟ್ಟಿಗೆ ಕಲಿಯಬೇಡಿ. ಯಾವುದು ನಿಮಗೆ ನೋವಿಲ್ಲದೆ ಬರ್ತದೋ ಅದು ಮೊದಲು.

ಶುರುಮಾಡುವ ಕ್ರಮ ಹೀಗೆ. ಅರ್ಧ ಗ್ಲಾಸ್ ನೀರು, ಒಂದು ಸ್ಟ್ರಾ, ತುದಿ 2–3 ಸೆಂಟಿಮೀಟರ್ ಮುಳುಗಿರಬೇಕು. ಗುಳ್ಳೆ ಬಿಡ್ತಾ "ಊ" ಅಂತ ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಜಾರಿಸಿ, 5 ನಿಮಿಷ. ಗುಳ್ಳೆ ಒಂದೇ ಸಮ ಬರಬೇಕು. ತುಂಡು ತುಂಡು ಬಂದರೆ ಉಸಿರು ನಡುಗ್ತಾ ಉಂಟು ಅಂತ ಅರ್ಥ. ಆಮೇಲೆ ಸುಸ್ತಾದವರ ಹಾಗೆ ಬಾಯಿ ತೆರೆದು "ಹಾ" ಅಂತ ನಿಟ್ಟುಸಿರು. ಅದೇ ನಿಟ್ಟುಸಿರಿಗೆ ಭಾರ ಎತ್ತುವ ಹೂಂಕಾರವನ್ನು ಸ್ವಲ್ಪವೇ ಸೇರಿಸಿ. ಒಂದು ಗುಡುಗುಡು ಹುಟ್ಟುತ್ತದೆ, ತುಂಬ ಸಣ್ಣ ಸೌಂಡ್. ಪಕ್ಕದ ಕೋಣೆಗೆ ಕೇಳಬಾರದು! ಹೊಸಬರಿಗೆ ಇದೇ ನಂಬಿಕೆ ಬರುವುದಿಲ್ಲ. ಒಳ್ಳೆಯ ಗ್ರೌಲ್ ನೇರ ಕಿವಿಗೆ ಕಿರುಚಾಟಕ್ಕಿಂತ ಎಷ್ಟೋ ಮೆತ್ತಗೆ. ದೊಡ್ಡದು ಮಾಡುವುದು ಮೈಕಿನ ಕೆಲಸ. 2–3 ಸೆಕೆಂಡ್ ಹಿಡಿಯಿರಿ, ಬಿಡಿ, ನೀರು ಕುಡಿಯಿರಿ. ಮೊದಲ ತಿಂಗಳು ದಿನಕ್ಕೆ 10 ನಿಮಿಷ ಸಾಕು. ಕೆರೆತ, ಕೆಮ್ಮು, ಉರಿ ಯಾವುದು ಬಂದರೂ ಆ ದಿನಕ್ಕೆ ಮುಗೀತು. ಮುಗಿಸಿದ ಮೇಲೆ ಎಂದಿನ ಸ್ವರದಲ್ಲಿ ಒಂದು ಸಾಲು ಹಾಡಿ. ಸ್ವರ ಹರಿದರೆ ಕೆಳಗಿನ ಧ್ವನಿತಂತುವಿಗೆ ಪೆಟ್ಟು ಬಿದ್ದಿದೆ, ಕ್ರಮ ತಪ್ಪಿದೆ.

ನಮ್ಮ ಊರಿನವರಿಗೆ ಈ ಸೌಂಡ್ ಹೊಸತಲ್ಲ ಮಾರಾಯ್ರೇ. ಯಕ್ಷಗಾನದಲ್ಲಿ ತೆಂಕುತಿಟ್ಟಿನ ಬಣ್ಣದ ವೇಷದ ಆರ್ಭಟ ಕೇಳಿದವರಿಗೆ ಗ್ರೌಲ್ ಎಂತ ಅಂತ ವಿವರಿಸಬೇಕಾಗಿಲ್ಲ. ಅಲ್ಲಿ ಗಮನಿಸಬೇಕಾದ್ದು ಎರಡು ಆರ್ಭಟದ ನಡುವಿನ ಜಾಗ. ವೇಷ ಒಮ್ಮೆ ಅಬ್ಬರಿಸ್ತದೆ, ಆಮೇಲೆ ಚೆಂಡೆ ಮಾತಾಡ್ತದೆ. ಮೆಟಲ್ ಹಾಡು ಬರೆಯುವವರು ಈ ಜಾಗ ಬಿಡುವುದಿಲ್ಲ, ಅಲ್ಲೇ ಕಷ್ಟ.

ಲೆಕ್ಕ ಹಾಕುವ. ಹಾಡಿನ ವೇಗ 180 ಬಿಪಿಎಂ, ಅಂದರೆ ನಿಮಿಷಕ್ಕೆ 180 ಬೀಟ್, ಸೆಕೆಂಡಿಗೆ 3 ಬೀಟ್. ಬೀಟಿಗೆ ಎರಡು ಅಕ್ಷರ ಹಾಕಿದರೆ ಸೆಕೆಂಡಿಗೆ 6 ಅಕ್ಷರ. ನಾಲ್ಕು ಬಾರ್ ಅಂದರೆ 16 ಬೀಟ್, 32 ಅಕ್ಷರ, ಸುಮಾರು 5.3 ಸೆಕೆಂಡ್. ಗ್ರೌಲಿಗೆ ಗಾಳಿ ಜಾಸ್ತಿ ಬೇಕು, ಹೊಸಬರಿಗೆ ಒಂದು ಉಸಿರಿನಲ್ಲಿ ಅಷ್ಟು ಹೋಗುವುದೇ ಕಷ್ಟ. ಪ್ರತಿ ಎರಡು ಬಾರ್ ಆದ ಮೇಲೆ ಉಸಿರಿನ ಗುರುತು ಹಾಕಿ, ಅದರ ಮೊದಲಿನ ಶಬ್ದವನ್ನು ಅರ್ಧ ಬೀಟ್ ಮುಂಚೆ ಮುಗಿಸಿ. ಕನ್ನಡದಲ್ಲಿ ಬರೆಯುವವರು ಮಹಾಪ್ರಾಣ ನೋಡಿಕೊಳ್ಳಿ: ಘೋರ, ಭಯ, ಛಲ ಎಲ್ಲ ಓದ್ಲಿಕ್ಕೆ ಗಟ್ಟಿ, ಆದರೆ ಒಂದೊಂದೂ ಗಾಳಿ ತಿನ್ನುತ್ತದೆ. ನೆತ್ತರು, ಕತ್ತಲೆ, ಇಂಥ ಒತ್ತಕ್ಷರ ಗ್ರೌಲಿಗೆ ಹೇಳಿ ಮಾಡಿಸಿದ್ದು. "ತ್ತ"ದಲ್ಲಿ ಗಾಳಿ ಒಂದು ಕ್ಷಣ ನಿಂತು ಒಮ್ಮೆಲೇ ಬಿಡ್ತದೆ, ಡ್ರಮ್ಸಿಗೆ ಸರಿಯಾಗಿ ಕೂರ್ತದೆ.

ಉಸಿರಿನ ವಿಷಯದಲ್ಲಿ ಅಮೆರಿಕದ ಮೆಟಲ್ ಗಾಯಕ ರಾನಿ ಜೇಮ್ಸ್ ಡಿಯೊ ಹೆಸರು ಹೇಳಲೇಬೇಕು. 1942ರಲ್ಲಿ ಹುಟ್ಟಿದವರು, ರೇನ್‌ಬೋ, ಬ್ಲ್ಯಾಕ್ ಸಬ್ಬತ್, ಆಮೇಲೆ ತಮ್ಮದೇ ಬ್ಯಾಂಡ್. ಹಾಡುಗಾರಿಕೆಯ ಪಾಠ ಆದದ್ದಲ್ಲ. ಚಿಕ್ಕಂದಿನಲ್ಲಿ ಊದಿದ ಟ್ರಂಪೆಟ್ಟಿನಿಂದ ಉಸಿರು ಕಲಿತೆ ಅಂತ ಹೇಳ್ತಿದ್ದರು. 2009ರಲ್ಲಿ, 67ರ ಹತ್ತಿರದಲ್ಲಿಯೂ ಸ್ಟೇಜಿನಲ್ಲಿದ್ದರು. 2010ರ ಮೇಯಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಟ್ರಂಪೆಟ್ ಇಲ್ಲದವರು ನೆಲದಲ್ಲಿ ಮಲಗಿ, ಹೊಟ್ಟೆಯ ಮೇಲೆ ಒಂದು ಪುಸ್ತಕ ಇಟ್ಟು, "ಸ್‌ಸ್" ಅಂತ 20–30 ಸೆಕೆಂಡ್ ಒಂದೇ ಸಮ ಗಾಳಿ ಬಿಡಿ. ಪುಸ್ತಕ ನಿಧಾನ ಇಳಿಯಬೇಕು, ಒಮ್ಮೆಲೇ ಬೀಳಬಾರದು.

ಸ್ಟೇಜಿಗೆ ಬರುವ. ಸುರತ್ಕಲ್ಲಿನ ಎನ್ಐಟಿಕೆಯ ಇನ್ಸಿಡೆಂಟ್, ಮಣಿಪಾಲದ ರೆವೆಲ್ಸ್, ಇಲ್ಲಿನ ಬ್ಯಾಂಡುಗಳಿಗೆ ಮೊದಲ ಮೆಟ್ಟಿಲು ಇಂಥ ಕಾಲೇಜು ಫೆಸ್ಟುಗಳು. ಊರಿನ ಗ್ರೌಂಡಿನಲ್ಲಿ ಆದರೆ ಸೌಂಡಿನವರ ಕೈ ಕೂತಿರುವುದು ರಸಮಂಜರಿಗೆ. ಎಕೋ ಹಾಕಿಯೇ ಇಟ್ಟಿರ್ತಾರೆ. "ಅಣ್ಣಾ, ಎಕೋ ಪೂರಾ ತೆಗೀರಿ" ಅಂತ ಮೊದಲೇ ಹೇಳಿ; ವೇಗದ ಗ್ರೌಲಿಗೆ ಎಕೋ ಬಿದ್ದರೆ ಒಂದು ಅಕ್ಷರವೂ ಉಳಿಯುವುದಿಲ್ಲ. ಮಿಕ್ಸರಿನಲ್ಲಿ ನಿಮ್ಮ ಸ್ವರಕ್ಕೆ ಅವರ ಹತ್ತಿರ ಕೇಳಬೇಕಾದ್ದು ಇಷ್ಟು: 100–120 ಹರ್ಟ್ಸ್ ಕೆಳಗೆ ಕಟ್, 300ರ ಆಸುಪಾಸು ಸ್ವಲ್ಪ ಇಳಿಕೆ, 3 ಕಿಲೋಹರ್ಟ್ಸ್ ಹತ್ತಿರ 2–3 ಡೆಸಿಬೆಲ್ ಏರಿಕೆ, ಜೋರು-ಮೆತ್ತಗಿನ ಅಂತರ ಕಡಿಮೆ ಮಾಡುವ ಕಂಪ್ರೆಸರ್ 4ಕ್ಕೆ 1. ಗೇನ್ (ಮೈಕಿನಿಂದ ಬರುವ ಸೌಂಡಿನ ಮಟ್ಟ) ಇಡುವಾಗ "ಹಲೋ ಚೆಕ್" ಹೇಳಿ ಬಿಡಬೇಡಿ, ಗ್ರೌಲ್ ಮಾಡಿಯೇ ತೋರಿಸಿ. ಮತ್ತೆ ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವುದು. ವಿಡಿಯೋದಲ್ಲಿ ಚಂದ ಕಾಣ್ತದೆ, ಒಪ್ಪುವ. ಆದರೆ ಹಿಂದಿನ ರಂಧ್ರ ಮುಚ್ಚಿದ ಕೂಡಲೇ ಆ ಮೈಕ್ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳಲಿಕ್ಕೆ ಶುರುಮಾಡ್ತದೆ, ಮಾನಿಟರ್ (ಹಾಡುವವರ ಕಡೆಗಿಟ್ಟ ಸ್ಪೀಕರ್) ಕೂಗ್ತದೆ, ಸೌಂಡಿನವರು ನಿಮ್ಮ ಸ್ವರ ಇಳಿಸ್ತಾರೆ, ನಿಮಗೆ ಕೇಳುವುದಿಲ್ಲ, ನೀವು ತಳ್ತೀರಿ. ಜಾಲರಿಯ ಕೆಳಗೆ ಹಿಡಿಯಿರಿ. ತುಟಿಯಿಂದ 2 ಸೆಂಟಿಮೀಟರ್.

ಬೆಂಗಳೂರಿಗೆ ಶೋ ಸಿಕ್ಕಿದರೆ ಶಿರಾಡಿ ಘಾಟಿಯ ರಾತ್ರಿ ಬಸ್ಸು. ಕರಾವಳಿಯ ತೇವದ ಗಾಳಿ ಗಂಟಲಿಗೆ ಒಳ್ಳೆಯದು. ಎಸಿ ಬಸ್ಸಿನಲ್ಲಿ ರಾತ್ರಿಯಿಡೀ ಗಂಟಲು ಒಣಗ್ತದೆ. ನೀರು ಶೋ ದಿವಸ ಗಟಗಟ ಕುಡಿದರೆ ಆಗುವುದಿಲ್ಲ. ನುಂಗಿದ್ದು ಯಾವುದೂ ಧ್ವನಿತಂತುವಿಗೆ ತಾಗುವುದಿಲ್ಲ, ಅನ್ನನಾಳಕ್ಕೆ ಹೋಗ್ತದೆ. ಮೈಗೆ ಹತ್ತಿ ಆಮೇಲೆ ಗಂಟಲಿಗೆ ಬರಬೇಕು. ಆದ್ದರಿಂದ ಹಿಂದಿನ ದಿನದಿಂದ ಕುಡಿಯಿರಿ. ಕಷಾಯಕ್ಕೂ ಇದೇ ಮಾತು. ಹಿತ ಅನಿಸ್ತದೆ, ಅಷ್ಟೆ. ನೇರ ತಾಗುವುದು ಹಬೆ ಒಂದೇ, ಅದೂ ಬರೇ ನೀರಿನದ್ದು, ಬಾಮ್ ಹಾಕದೆ. ಚಿಕನ್ ಘೀ ರೋಸ್ಟ್ ಶೋ ಮುಗಿದ ಮೇಲೆ ತಿನ್ನಿ, ತಿಂದು ಮೂರು ಗಂಟೆ ಮಲಗಬೇಡಿ. ಹೊಟ್ಟೆಯ ಆಮ್ಲ ಮೇಲೆ ಬಂದು ಧ್ವನಿಪೆಟ್ಟಿಗೆಯ ಹಿಂಭಾಗ ಸುಟ್ಟರೆ ಬೆಳಿಗ್ಗೆ ಸ್ವರ ಒಡೆದಿರ್ತದೆ.

ಮಂಗಳೂರಿನಲ್ಲಿ ಕೂತು ಬರೇ ಮೆಟಲ್ ಹಾಡಿ ಮನೆ ನಡೆಸ್ತೇನೆ ಅಂತ ಹೊರಡಬೇಡಿ. ಕೈಯಲ್ಲಿ ಕೆಲಸ ಇರಲಿ. ಬೆಂಗಳೂರಿನ ಕ್ರಿಪ್ಟೋಸ್ 1998ರಲ್ಲಿ ಶುರುವಾದ ಬ್ಯಾಂಡ್, ಜರ್ಮನಿಯ ವಾಕೆನ್ ಮೆಟಲ್ ಉತ್ಸವದ ಸ್ಟೇಜ್ ಹತ್ತಿದ್ದು 2013ರಲ್ಲಿ. ಅಷ್ಟು ವರ್ಷ ಗಂಟಲು ಉಳಿಯಬೇಕು. ಸ್ವೀಡನ್ನಿನ ಆರ್ಚ್ ಎನಿಮಿ ಬ್ಯಾಂಡಿನ ಗ್ರೌಲ್ ಗಾಯಕಿ ಏಂಜೆಲಾ ಗೊಸೊವ್ 2014ರಲ್ಲಿ ಮೈಕ್ ಬಿಟ್ಟು ಅದೇ ಬ್ಯಾಂಡಿನ ಮ್ಯಾನೇಜರ್ ಆಗಿ ಮುಂದುವರಿದರು. ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡಿನ ಗಾಯಕ ಬ್ರೂಸ್ ಡಿಕಿನ್ಸನ್ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದವರು. ಅವರ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಇರುವುದು 2015ರ ಫೆಬ್ರವರಿಯಲ್ಲಿ ಹೊರಗೆ ಬಂತು. ಮೇಯಲ್ಲಿ ಗುಣ ಆಯ್ತು ಅಂತ ವೈದ್ಯರು ಹೇಳಿದರೂ ಬ್ಯಾಂಡ್ ಟೂರನ್ನು 2016ಕ್ಕೆ ಮುಂದೆ ಹಾಕಿತು. ದೊಡ್ಡ ಬ್ಯಾಂಡ್ ಹಾಗೆ ಕಾಯ್ತದೆ. ನಮ್ಮಲ್ಲಿ ಜ್ವರ ಬಂದರೂ "ಫೆಸ್ಟ್ ಉಂಟು, ಅಡ್ಜಸ್ಟ್ ಮಾಡು" ಅಂತಾರೆ. ಮಾಡಬೇಡಿ.

ಹಾಡ್ತಾ ಇರುವಾಗ ಒಮ್ಮೆಲೇ ಸ್ವರ ಮಾಯ ಆದರೆ ಅಲ್ಲೇ ನಿಲ್ಲಿಸಿ. ಧ್ವನಿತಂತುವಿನೊಳಗೆ ರಕ್ತ ಒಸರಿರಬಹುದು. ಮರುದಿನವೇ ಇಎನ್‌ಟಿ ಹತ್ತಿರ ಹೋಗಬೇಕು. ಪಿಸುಮಾತು ವಿಶ್ರಾಂತಿ ಅಲ್ಲ, ಬಾಯಿ ಮುಚ್ಚುವುದೇ ವಿಶ್ರಾಂತಿ. ಒಡಕು ಸ್ವರ ಮೂರು ವಾರ ದಾಟಿದರೂ ತೋರಿಸಿ, ಗಂಟು ಆಗಿರಬಹುದು. ಶುರುವಿನ ಗಂಟಾದರೆ ಸ್ಪೀಚ್ ಥೆರಪಿಯಲ್ಲಿ ಕರಗುವುದುಂಟು, ಮಂಗಳೂರಿನಲ್ಲಿಯೂ ಮಣಿಪಾಲದಲ್ಲಿಯೂ ವಾಕ್-ಶ್ರವಣ ವಿಭಾಗಗಳಿವೆ. ಹೋಗುವಾಗ ನಿಮ್ಮ ಹಾಡಿನ ರೆಕಾರ್ಡಿಂಗ್ ಫೋನಿನಲ್ಲಿ ಇಟ್ಟುಕೊಳ್ಳಿ. ನಾಲಿಗೆ ಎಳೆದು ಹಿಡಿದು ಬಾಯಿಯಿಂದ ನೋಡುವ ಗಟ್ಟಿ ಸ್ಕೋಪಿನಲ್ಲಿ "ಈ" ಅನ್ನಬಹುದು, ಗ್ರೌಲ್ ಮಾಡ್ಲಿಕ್ಕೆ ಆಗುವುದಿಲ್ಲ. ಮೂಗಿನಿಂದ ಹಾಕುವ ಬಳುಕುವ ಸ್ಕೋಪ್ ಉಂಟಾ ಅಂತ ಕೇಳಿ, ಅದು ಒಳಗಿರುವಾಗಲೇ ಗ್ರೌಲ್ ಮಾಡಿ ತೋರಿಸಿ. ಮೇಲಿನ ಮಡಿಕೆ ಅದುರ್ತಾ ಉಂಟಾ, ಕೆಳಗಿನ ತಂತು ಉಜ್ಜಿಕೊಳ್ತಾ ಉಂಟಾ ಅಂತ ಸ್ಕ್ರೀನಿನಲ್ಲಿ ನೀವೂ ನೋಡಬಹುದು.